ನಿನ್ನೆ ನಿಂತಿದ್ದ ಜಾಲರಿ ಇವತ್ತು ಕರಗಿದ್ದೇಕೆ?

"ಸರ್, ನಿನ್ನಿ ಭಾಳ ಚಲೋ ನಿಂತಿತ್ರಿ, ಇವತ್ತ ಕರಗೇತ್ರಿ!"

ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು ತಟ್ಟೆ ಹಿಡಿದು ನಿಂತಿದ್ದಳು. ಜೀವಕೋಶ ಬೆರೆಸಿದ ಜೆಲ್‌ನಿಂದ ಪ್ರಿಂಟ್ ಮಾಡಿದ, ಉಗುರಿನಷ್ಟು ಅಗಲದ ಜಾಲರಿ. ಚಿಮಟದಿಂದ ಎತ್ತಿದರೆ ಬೆಂಡೆಕಾಯಿ ಲೋಳೆಯ ಹಾಗೆ ಜಾರುತ್ತಿತ್ತು.

ಅದು ಆಲ್ಜಿನೇಟ್ ಜೆಲ್. ಕಂದು ಕಡಲಪಾಚಿಯಿಂದ ತೆಗೆಯುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡ್ ನೀರು ತಾಗಿದ ಕೂಡಲೇ ಕ್ಯಾಲ್ಸಿಯಂ ಅದರ ಎಳೆಗಳನ್ನು ಗಂಟು ಹಾಕುತ್ತದೆ, ಅಂಟು ದ್ರವ ಗಟ್ಟಿಯಾಗುತ್ತದೆ. ಇಷ್ಟರವರೆಗೆ ಅವಳು ಮಾಡಿದ್ದೆಲ್ಲ ಸರಿ. ಆಮೇಲೆ ತೊಳೆದದ್ದು ಮಾತ್ರ ಫಾಸ್ಫೇಟ್ ಬಫರಿನಲ್ಲಿ, ಅಂದರೆ ಹುಳಿ-ಕ್ಷಾರದ ಮಟ್ಟ ಏರುಪೇರಾಗದಂತೆ ಕಾಯುವ ಉಪ್ಪುನೀರಿನಲ್ಲಿ. ಜೀವಕೋಶ ಬೆಳೆಸುವವರಿಗೆ ಅದು ರೂಢಿ, ಯಾರೂ ಯೋಚನೆ ಮಾಡುವುದಿಲ್ಲ. ಆದರೆ ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ, ಆ ಜಾಗಕ್ಕೆ ಸೋಡಿಯಂ ಬಂದು ಕೂರುತ್ತದೆ. ಗಂಟು ಬಿಚ್ಚಿತು, ಜಾಲರಿ ಹೋಯಿತು. ಈಗ ನಾವು ಫಾಸ್ಫೇಟ್ ಇಲ್ಲದ, ಸ್ವಲ್ಪ ಕ್ಯಾಲ್ಸಿಯಂ ಇರುವ ಬಫರಿನಲ್ಲೇ ತೊಳೆಯುತ್ತೇವೆ.

ಹೈಡ್ರೋಜೆಲ್ ಅಂದರೆ ನೀರು ಹಿಡಿದಿಟ್ಟುಕೊಂಡ ಎಳೆಗಳ ಬಲೆ. ನೆನೆಸಿದ ಕಾಮಕಸ್ತೂರಿ ಬೀಜದ ಸುತ್ತ ಉಬ್ಬುತ್ತದಲ್ವಾ, ಅದೂ ಇದೇ ಜಾತಿ. ಬಯೋಪ್ರಿಂಟಿಂಗ್‌ನಲ್ಲಿ ಇದಕ್ಕೆ ಜೀವಕೋಶ ಬೆರೆಸಿ, ಸಣ್ಣ ಸೂಜಿಯಿಂದ ಎಳೆ ಎಳೆಯಾಗಿ ಒತ್ತುತ್ತೇವೆ. ಬೇಸಿಗೆಯಲ್ಲಿ ಶಾವಿಗೆ ಒತ್ತಿದವರಿಗೆ ಕಷ್ಟ ಗೊತ್ತು. ಹಿಟ್ಟು ಮೆತ್ತಗಾದರೆ ಎಳೆ ಒಂದಕ್ಕೊಂದು ಅಂಟುತ್ತವೆ, ಬಿರುಸಾದರೆ ಮಷಿನ್ ತಿರುಗುವುದೇ ಇಲ್ಲ. ನಮ್ಮ ಹಿಟ್ಟಿನಲ್ಲಿ ಜೀವ ಬೇರೆ ಇದೆ. ದಪ್ಪ ಜೆಲ್ ಅನ್ನು ಜೋರಾಗಿ ಒತ್ತಿದರೆ ಆಕಾರ ಚಂದ ಬರುತ್ತದೆ, ಆದರೆ ಸೂಜಿಯ ಗೋಡೆಗೆ ಉಜ್ಜಿ ಜೀವಕೋಶಗಳು ಹರಿದು ಸಾಯುತ್ತವೆ.

ಇನ್ನೊಂದು ತೊಡಕು. ಬರೀ ಆಲ್ಜಿನೇಟ್‌ನಲ್ಲಿ ಜೀವಕೋಶಕ್ಕೆ ಹಿಡಿದುಕೊಳ್ಳಲು ಹಿಡಿಕೆಯೇ ಇಲ್ಲ. ಅದಕ್ಕೇ ಹಿಡಿಕೆ ಕೊಡುವ ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಪ್ರೋಟೀನ್) ಬೆರೆಸುತ್ತೇವೆ. ಅದೋ, 37 ಡಿಗ್ರಿಯಲ್ಲಿ ಕರಗುತ್ತದೆ. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಎಸಿ ನಿಂತರೆ ಸಿರಿಂಜಿನಿಂದ ತಾನೇ ತೊಟ್ಟಿಕ್ಕುತ್ತದೆ. ವಿಜಯಪುರದ ಬಿಸಿಲಲ್ಲಂತೂ ಕೇಳಲೇಬೇಡಿ. ಬೆಳಕು ಬಿದ್ದರೆ ಗಟ್ಟಿಯಾಗುವಂತೆ ಮಾರ್ಪಡಿಸಿದ ಜೆಲ್‌ಮಾ ಎಂಬ ಜೆಲಟಿನ್ ಬಳಸುವುದು ಇದಕ್ಕೇ.

"ಕಿಡ್ನಿ ಯಾವಾಗ ಪ್ರಿಂಟ್ ಮಾಡ್ತೀರಿ?" ಎಂದು ಜನ ಕೇಳುತ್ತಾರೆ. ಡಯಾಲಿಸಿಸ್‌ಗೆ ಅಪ್ಪನನ್ನು ಕರೆತಂದವರು ಕೇಳಿದಾಗ ಸುಮ್ನೆ ಆಸೆ ಹುಟ್ಟಿಸಲು ನನಗೆ ಮನಸ್ಸಾಗುವುದಿಲ್ಲ. ರಕ್ತನಾಳದಿಂದ ಸುಮಾರು 100ರಿಂದ 200 ಮೈಕ್ರೋಮೀಟರ್ (ಮಿಲಿಮೀಟರಿನ ಹತ್ತನೇ ಒಂದರಿಂದ ಐದನೇ ಒಂದು ಭಾಗ) ದಾಟಿದರೆ ಆಮ್ಲಜನಕ ಸಾಕಾಗುವುದಿಲ್ಲ. ದಪ್ಪ ಅಂಗದೊಳಗೆ ಅಷ್ಟು ಸಣ್ಣ ನಾಳಗಳ ಜಾಲ ಕಟ್ಟುವುದೇ ದೊಡ್ಡ ಸವಾಲು. ರಕ್ತನಾಳವೇ ಇಲ್ಲದ ಮೃದ್ವಸ್ಥಿ, ತೆಳ್ಳಗಿನ ಚರ್ಮ, ಇವು ಹೆಚ್ಚು ಹತ್ತಿರದ ಗುರಿ.

ಪ್ರಿಂಟ್ ಮಾಡಿದ ದಿನದ ಫೋಟೋವನ್ನು ನಾನು ಜಾಸ್ತಿ ನಂಬುವುದಿಲ್ಲ. ಏಳನೇ ದಿನ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಬದುಕಿದ್ದು ಹಸಿರು, ಸತ್ತದ್ದು ಕೆಂಪು. ಆ ಹುಡುಗಿಯ ಮುಂದಿನ ಜಾಲರಿ ಅಂಚಿನಲ್ಲಿ ತುಸು ಸೊಟ್ಟಗಿತ್ತು. ಒಳಗೆ ಹಸಿರು ಚುಕ್ಕಿಗಳು ಕೈಕಾಲು ಚಾಚಿಕೊಂಡು ಹರಡಿದ್ದವು.