ಫ್ಲಾಟ್‌ಪ್ಯಾಕ್ ಹಾಕಿದರೆ ಡಿಸ್ಕ್ ತುಂಬಿಹೋಗುತ್ತದೆಯೇ?

ಪ್ರಶ್ನೆ: ನನ್ನದು 128 ಜಿಬಿ ಎಸ್‌ಎಸ್‌ಡಿ ಇರುವ ಹಳೆಯ ಲ್ಯಾಪ್‌ಟಾಪ್. ಲಿನಕ್ಸ್ ಮಿಂಟ್ 22 ಹಾಕಿಕೊಂಡಿದ್ದೇನೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಚಿತ್ರ ತಿದ್ದುವ ತಂತ್ರಾಂಶವಾದ ಜಿಂಪ್ ಹುಡುಕಿದರೆ ‘ಸಿಸ್ಟಂ ಪ್ಯಾಕೇಜ್’ ಎಂದೊಂದು, ‘ಫ್ಲಾಟ್‌ಪ್ಯಾಕ್’ ಎಂದೊಂದು ಸಿಗುತ್ತದೆ. ಫ್ಲಾಟ್‌ಪ್ಯಾಕ್‌ನಲ್ಲಿ ಪ್ರತಿಯೊಂದು ತಂತ್ರಾಂಶದ ಜೊತೆಗೂ ಒಂದು ಇಡೀ ಆಪರೇಟಿಂಗ್ ಸಿಸ್ಟಂ ಬರುತ್ತದೆ, ಹತ್ತು ಹಾಕುವಷ್ಟರಲ್ಲಿ ಡಿಸ್ಕ್ ತುಂಬುತ್ತದೆ ಎಂದು ಗೆಳೆಯರು ಹೆದರಿಸುತ್ತಾರೆ. ಯಾವುದನ್ನು ಹಾಕಲಿ? (ಸಕಲೇಶಪುರದ ಓದುಗರೊಬ್ಬರು)

ಉತ್ತರ: ಜಿಂಪ್‌ನ ಮಟ್ಟಿಗೆ ಫ್ಲಾಟ್‌ಪ್ಯಾಕ್ ಅನ್ನೇ ಹಾಕಿ. ನಿಮ್ಮ ಡಿಸ್ಕ್ ಅದರಿಂದ ತುಂಬುವುದಿಲ್ಲ.

ಕಾರಣ ಸರಳ. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ. ಅದರ ತಂತ್ರಾಂಶ ಭಂಡಾರದಲ್ಲಿರುವ (ಸಿಸ್ಟಂ ಪ್ಯಾಕೇಜ್ ಬರುವುದು ಅಲ್ಲಿಂದಲೇ) ಜಿಂಪ್ 2.10ರ ಸರಣಿಯದು, ಅದು ಅಲ್ಲಿಯೇ ಉಳಿಯುತ್ತದೆ. ಜಿಂಪ್ 3.0 ಹೊರಬಂದದ್ದು 2025ರ ಮಾರ್ಚ್‌ನಲ್ಲಿ. ಆಪರೇಟಿಂಗ್ ಸಿಸ್ಟಂ ಬದಲಿಸದೆ ಹೊಸ ಜಿಂಪ್ ಬೇಕೆಂದರೆ, ಯಾವ ಲಿನಕ್ಸ್‌ನಲ್ಲಿಯಾದರೂ ಒಂದೇ ರೀತಿ ನಡೆಯುವ ಇಂತಹ ಪ್ಯಾಕೇಜ್‌ನ ಮೂಲಕ ಪಡೆಯುವುದೇ ಸುಲಭದ ದಾರಿ. ಆದರೆ ಕ್ಯಾಲ್ಕುಲೇಟರ್‌ನಂತಹ ಸಣ್ಣ ಸಲಕರಣೆಯೋ, ಹೊಸ ಆವೃತ್ತಿ ಬಂದರೂ ನಿಮಗೆ ಏನೂ ವ್ಯತ್ಯಾಸವಾಗದ ತಂತ್ರಾಂಶವೋ ಆಗಿದ್ದರೆ ಸಿಸ್ಟಂ ಪ್ಯಾಕೇಜ್ ಸಾಕು. ಇಲ್ಲಿಗೆ ನಿಮ್ಮ ಪ್ರಶ್ನೆಗೆ ಉತ್ತರ ಮುಗಿಯಿತು. ನಿಮ್ಮ ಗೆಳೆಯರ ಮಾತಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಂತಾಗಲಿಲ್ಲ. ಹಾಸನ, ಅರಸೀಕೆರೆ, ಬೇಲೂರು ಎಂದು ಎಲ್ಲಿ ಹೋದರೂ ಅದೇ ಮಾತನ್ನು ಕೇಳಿ, ಅದೇ ಉತ್ತರವನ್ನು ಹೇಳಿ ಹೇಳಿ ಸಾಕಾಗಿರುವುದರಿಂದ, ಈ ಸಲ ಅದನ್ನು ಬುಡದಿಂದಲೇ ಬಿಡಿಸಿ ಬರೆಯುತ್ತೇನೆ.

ಮೊದಲಿಗೆ, ಈ ನಂಬಿಕೆ ಹುಟ್ಟುವ ಗಳಿಗೆಯನ್ನು ನೋಡೋಣ. ಹೊಸದಾಗಿ ಮಿಂಟ್ ಹಾಕಿಕೊಂಡವರು ತಮ್ಮ ಮೊದಲ ಫ್ಲಾಟ್‌ಪ್ಯಾಕ್ ಆರಿಸಿ, ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಇನ್‌ಸ್ಟಾಲ್ ಒತ್ತುತ್ತಾರೆ. ತಂತ್ರಾಂಶದ ಹೆಸರಿನ ಜೊತೆಗೆ ಹೆಸರೇ ಕೇಳದ ಇನ್ನೂ ಮೂರು ನಾಲ್ಕು ವಸ್ತುಗಳು ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ, ನೂರಾರು ಎಂಬಿ ಇಳಿಯತೊಡಗುತ್ತದೆ, ಅಂದಿನ 1.5 ಜಿಬಿ ಡೇಟಾದಲ್ಲಿ ದೊಡ್ಡ ಪಾಲು ಅಲ್ಲಿಯೇ ಖರ್ಚಾಗುತ್ತದೆ. ಒಂದು ತಂತ್ರಾಂಶಕ್ಕೇ ಇಷ್ಟಾದರೆ ಹತ್ತಕ್ಕೆ ಇದರ ಹತ್ತರಷ್ಟು ಎಂಬ ಲೆಕ್ಕ ಮನಸ್ಸಿನಲ್ಲಿ ಕೂರುತ್ತದೆ. ಕಣ್ಣಾರೆ ಕಂಡದ್ದು ಸುಳ್ಳಲ್ಲ. ಆದರೆ ಹತ್ತರಿಂದ ಗುಣಿಸಿದ್ದು ತಪ್ಪು.

ಆ ಪಟ್ಟಿಯಲ್ಲಿ ತಂತ್ರಾಂಶದ ಜೊತೆ ಬಂದದ್ದು ಇಡೀ ಆಪರೇಟಿಂಗ್ ಸಿಸ್ಟಂ ಅಲ್ಲ. ಅದರ ಹೆಸರು ರನ್‌ಟೈಮ್. ಅಕ್ಷರ ಮೂಡಿಸುವ, ಚಿತ್ರ ತೆರೆಯುವ, ಧ್ವನಿ ನುಡಿಸುವ, ಕಿಟಕಿ ಬಿಡಿಸುವ ಲೈಬ್ರರಿಗಳ ಒಂದು ಕಟ್ಟು ಅದು. ಅದರಲ್ಲಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಇರುವುದಿಲ್ಲ, ಯಂತ್ರವನ್ನು ಎಬ್ಬಿಸುವ ಬೂಟ್ ವ್ಯವಸ್ಥೆಯೂ ಇರುವುದಿಲ್ಲ. ಕರ್ನಲ್ ನಿಮ್ಮ ಮಿಂಟ್‌ನದೇ. ವರ್ಚುವಲ್ ಯಂತ್ರಕ್ಕೂ ಫ್ಲಾಟ್‌ಪ್ಯಾಕ್‌ಗೂ ಇರುವ ಮೂಲಭೂತ ವ್ಯತ್ಯಾಸ ಇಲ್ಲಿಯೇ ಇದೆ. ಬಬಲ್‌ರ್‍ಯಾಪ್ ಎಂಬ ಸಣ್ಣ ಸಲಕರಣೆಯು ನಿಮ್ಮ ಕರ್ನಲ್ ಈಗಾಗಲೇ ಒದಗಿಸುವ ಸೌಲಭ್ಯಗಳನ್ನು ಬಳಸಿ ತಂತ್ರಾಂಶದ ಸುತ್ತ ಒಂದು ಬೇಲಿ ಹಾಕುತ್ತದೆ. ಬೇಲಿಗೆ ಡಿಸ್ಕಿನಲ್ಲಿ ಜಾಗವೇ ಬೇಕಾಗಿಲ್ಲ.

ಈ ರನ್‌ಟೈಮ್ ಹಂಚಿಕೆಯ ವಸ್ತು. ನಮ್ಮ ಕಡೆಯವರಿಗೆ ಇದು ಅರ್ಥವಾಗುವುದು ಕಷ್ಟವಲ್ಲ. ಸಕಲೇಶಪುರದ ಒಬ್ಬ ಬೆಳೆಗಾರರು ಕಾಫಿ ಹಣ್ಣು ಕೊಯ್ಯಿಸಿ, ತಿರುಳು ಬಿಡಿಸುವ ತಮ್ಮದೇ ಪಲ್ಪರ್‌ಗೆ ಹಾಕಿ, ತಮ್ಮದೇ ಕಣದಲ್ಲಿ ಒಣಗಿಸಿ, ಒಳಸಿಪ್ಪೆ ಉಳಿದಿರುವ ಕಾಳನ್ನು, ಎಂದರೆ ಪಾರ್ಚ್‌ಮೆಂಟನ್ನು, ಮೂಟೆ ಕಟ್ಟುತ್ತಾರೆ. ಸಿಪ್ಪೆ ಬಿಡಿಸುವುದಕ್ಕೆ, ಕಾಳನ್ನು ಗಾತ್ರಕ್ಕೆ ತಕ್ಕಂತೆ ಗ್ರೇಡ್ ಮಾಡುವುದಕ್ಕೆ ಮಾತ್ರ ಮೂಟೆ ಕ್ಯೂರಿಂಗ್ ವರ್ಕ್ಸ್‌ಗೆ ಹೋಗುತ್ತದೆ. ತೋಟಕ್ಕೊಂದು ಕ್ಯೂರಿಂಗ್ ವರ್ಕ್ಸ್ ಯಾರೂ ಕಟ್ಟುವುದಿಲ್ಲ. ಇರುವ ಒಂದಕ್ಕೇ ಹತ್ತಾರು ತೋಟಗಳ ಕಾಫಿ ಬರುತ್ತದೆ, ಆದರೂ ಒಬ್ಬರ ಮೂಟೆ ಇನ್ನೊಬ್ಬರದರೊಡನೆ ಬೆರೆಯುವುದಿಲ್ಲ. ಜಿಂಪ್ ಒಂದು ತೋಟ, ರನ್‌ಟೈಮ್ ಕ್ಯೂರಿಂಗ್ ವರ್ಕ್ಸ್. ಮೊದಲ ತಂತ್ರಾಂಶ ಹಾಕಿದಾಗ ನೀವು ತೆತ್ತದ್ದು ಕ್ಯೂರಿಂಗ್ ವರ್ಕ್ಸ್ ಕಟ್ಟಿದ ಖರ್ಚು. ಅದೇ ರನ್‌ಟೈಮ್ ಬಳಸುವ ಎರಡನೆಯ ತಂತ್ರಾಂಶಕ್ಕೆ ಇಳಿಯುವುದು ಅದರ ಸ್ವಂತ ಕಡತಗಳು ಮಾತ್ರ.

ಹಂಚಿಕೆ ಇಲ್ಲಿಗೂ ನಿಲ್ಲುವುದಿಲ್ಲ. ಲಿನಕ್ಸ್‌ನ ಎರಡು ದೊಡ್ಡ ಡೆಸ್ಕ್‌ಟಾಪ್‌ಗಳಾದ ಗ್ನೋಮ್‌ನ ತಂತ್ರಾಂಶಗಳಿಗೆ ಒಂದು, ಕೆಡಿಇಯ ತಂತ್ರಾಂಶಗಳಿಗೆ ಇನ್ನೊಂದು ರನ್‌ಟೈಮ್ ಇದೆಯಲ್ಲ, ಅಲ್ಲಿಗೆ ಎರಡು ಪಟ್ಟು ಆಗಲಿಲ್ಲವೇ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ. ಆಗುವುದಿಲ್ಲ, ಏಕೆಂದರೆ ಅವೆರಡೂ ಫ್ರೀಡೆಸ್ಕ್‌ಟಾಪ್ ಎಂಬ ಮೂಲ ರನ್‌ಟೈಮ್‌ನ ಮೇಲೆ ಕಟ್ಟಿದವು. ಫ್ಲಾಟ್‌ಪ್ಯಾಕ್ ತನ್ನ ಕಡತಗಳನ್ನು ಓಎಸ್‌ಟ್ರೀ ಎಂಬ ಭಂಡಾರದಲ್ಲಿ ಇಡುತ್ತದೆ. ಅಲ್ಲಿ ಕಡತದ ಗುರುತು ಅದರ ಹೆಸರಲ್ಲ, ಒಳಗಿನ ವಿಷಯದಿಂದ ಲೆಕ್ಕಹಾಕಿದ ಒಂದು ಚೆಕ್‌ಸಮ್. ಎರಡು ರನ್‌ಟೈಮ್‌ಗಳಲ್ಲಿ ಒಂದು ಲೈಬ್ರರಿ ಅಕ್ಷರಶಃ ಒಂದೇ ಆಗಿದ್ದರೆ ಚೆಕ್‌ಸಮ್ ಕೂಡ ಒಂದೇ ಆಗಿರುತ್ತದೆ, ಆದ್ದರಿಂದ ಡಿಸ್ಕಿನಲ್ಲಿ ಅದು ಒಂದೇ ಸಲ ಉಳಿಯುತ್ತದೆ. ಎರಡೂ ಕಡೆ ಕಾಣುವುದು ಹಾರ್ಡ್ ಲಿಂಕ್, ಎಂದರೆ ಒಂದೇ ಮನೆಗೆ ಎರಡು ಬಾಗಿಲು.

ಇದರ ಸಾಕ್ಷಿ ನಿಮ್ಮ ಪರದೆಯ ಮೇಲೆಯೇ ಇರುತ್ತದೆ. ಟರ್ಮಿನಲ್‌ನಿಂದ ಫ್ಲಾಟ್‌ಪ್ಯಾಕ್ ಹಾಕುವಾಗ ಇಳಿಯಬೇಕಾದ ಗಾತ್ರದ ಅಂಕಿಯ ಎಡಕ್ಕೆ ‘ಇದಕ್ಕಿಂತ ಕಡಿಮೆ’ ಎಂಬ ಗಣಿತದ ಚಿಹ್ನೆ (<) ಇರುತ್ತದೆ. ಎಷ್ಟೋ ವರ್ಷ ಬಳಸಿದವರೂ ಅದನ್ನು ಗಮನಿಸಿರುವುದಿಲ್ಲ. ‘ಹೆಚ್ಚೆಂದರೆ ಇಷ್ಟು, ನಿಮ್ಮಲ್ಲಿ ಈಗಾಗಲೇ ಇರುವ ಕಡತಗಳನ್ನು ಮತ್ತೆ ತರುವುದಿಲ್ಲ’ ಎಂಬುದು ಅದರ ಅರ್ಥ. ಜನ ಚಿಹ್ನೆಯನ್ನು ಬಿಟ್ಟು ಅಂಕಿಯನ್ನಷ್ಟೇ ಓದುತ್ತಾರೆ.

ಅಳೆಯುವುದರಲ್ಲಿಯೂ ತಪ್ಪು ನಡೆಯುತ್ತದೆ. ರನ್‌ಟೈಮ್‌ಗಳ ಫೋಲ್ಡರ್‌ಗಳನ್ನು ಒಂದೊಂದಾಗಿ ಅಳೆದು ಆಮೇಲೆ ಕೂಡಿಸಿದರೆ, ಹಂಚಿಕೊಂಡ ಕಡತ ಪ್ರತಿ ಸಲವೂ ಲೆಕ್ಕಕ್ಕೆ ಬಂದು ಮೊತ್ತ ಉಬ್ಬುತ್ತದೆ. ಫ್ಲಾಟ್‌ಪ್ಯಾಕ್‌ನ ಇಡೀ ಫೋಲ್ಡರನ್ನು, ಫೋಲ್ಡರ್‌ನ ಗಾತ್ರ ಅಳೆಯುವ ‘ಡಿಯು’ ಆದೇಶಕ್ಕೆ ಒಂದೇ ಸಲ ಕೊಟ್ಟರೆ ಅದು ಹಾರ್ಡ್ ಲಿಂಕ್‌ಗಳನ್ನು ಗುರುತಿಸಿ ಒಮ್ಮೆ ಮಾತ್ರ ಎಣಿಸುತ್ತದೆ.

ಕಳೆದ ಮಳೆಗಾಲದಲ್ಲಿ ಆಲೂರಿನ ಕಡೆಯ ಪದವಿ ವಿದ್ಯಾರ್ಥಿಯೊಬ್ಬ ಲ್ಯಾಪ್‌ಟಾಪ್ ಹೊತ್ತು ತಂದ. ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ. ‘ಸರ್, ಫ್ಲಾಟ್‌ಪ್ಯಾಕ್ ಎಲ್ಲವನ್ನೂ ತಿಂದುಬಿಟ್ಟಿದೆ, ತೆಗೆದುಬಿಡಿ’ ಎಂದ. ತೆಗೆಯುವ ಮೊದಲು ಅಳೆಯೋಣ ಎಂದು ಪಕ್ಕದಲ್ಲಿ ಕೂರಿಸಿಕೊಂಡು, ಮೂಲ ಫೋಲ್ಡರ್‌ನಿಂದ ಆರಂಭಿಸಿ ಒಂದೊಂದೇ ಹಂತ ಇಳಿದೆವು. ಎಲ್ಲಕ್ಕಿಂತ ದೊಡ್ಡದಾಗಿ ಮೇಲೆ ಬಂದದ್ದು ಟೈಮ್‌ಶಿಫ್ಟ್‌ನ ಫೋಲ್ಡರ್. ಸಿಸ್ಟಂ ಕೆಟ್ಟರೆ ಹಿಂದಕ್ಕೆ ಹೋಗಲೆಂದು ಅವನು ದಿನಕ್ಕೊಂದು, ವಾರಕ್ಕೊಂದು, ತಿಂಗಳಿಗೊಂದು ಸ್ನ್ಯಾಪ್‌ಶಾಟ್ ಉಳಿಸುವಂತೆ ಗುರುತು ಹಾಕಿ ಮರೆತಿದ್ದ. ಎರಡನ್ನು ಉಳಿಸಿ ಉಳಿದವನ್ನು ಅಳಿಸಿದೆವು. ಅವನ ಆರು ಫ್ಲಾಟ್‌ಪ್ಯಾಕ್‌ಗಳನ್ನು ಮುಟ್ಟಲೇ ಇಲ್ಲ. ಜಾಗ ಹಿಂದಿರುಗಿದ್ದನ್ನು ಅವನು ತಾನೇ ಮತ್ತೊಮ್ಮೆ ಅಳೆದು ನೋಡಿದಾಗ ನನಗಾದ ಸಂತೋಷ ಸಣ್ಣದಲ್ಲ.

ಈ ನಂಬಿಕೆಯ ಇನ್ನೊಂದು ಬೇರು ಫ್ಲಾಟ್‌ಪ್ಯಾಕ್‌ನ ಸೋದರರಲ್ಲಿದೆ. ಆ್ಯಪ್‌ಇಮೇಜ್ ತನಗೆ ಬೇಕಾದ ಬಹುತೇಕ ಎಲ್ಲವನ್ನೂ ಒಂದೇ ಕಡತದಲ್ಲಿ ಹೊತ್ತು ತರುತ್ತದೆ, ಯಾರೊಡನೆಯೂ ಹಂಚಿಕೊಳ್ಳುವುದಿಲ್ಲ. ಆ ಗುಣವನ್ನು ಜನ ಫ್ಲಾಟ್‌ಪ್ಯಾಕ್‌ಗೂ ಅಂಟಿಸುತ್ತಾರೆ. ಉಬುಂಟುವಿನ ಸ್ನ್ಯಾಪ್ ಬೇರೊಂದು ರೀತಿಯ ಗಾಬರಿ ಹುಟ್ಟಿಸುತ್ತದೆ. ಅಲ್ಲಿ ಪ್ರತಿ ಪ್ಯಾಕೇಜ್ ಒತ್ತಿ ಕುಗ್ಗಿಸಿದ ಒಂದು ಕಡತ. ಬಳಸುವಾಗ ಅದನ್ನು ಓದಲು ಮಾತ್ರ ಬರುವ ಪುಟ್ಟ ಡಿಸ್ಕಿನಂತೆ ಜೋಡಿಸಲಾಗುತ್ತದೆ. ಡಿಸ್ಕಿನಲ್ಲಿ ಉಳಿದ ಜಾಗ ತೋರಿಸುವ ‘ಡಿಎಫ್’ ಆದೇಶ ಕೊಟ್ಟರೆ ‘ಲೂಪ್’ ಎಂಬ ಹೆಸರಿನ ಸಾಲುಗಳು ಒಂದರ ಕೆಳಗೊಂದು ಬಂದು, ಪ್ರತಿಯೊಂದರ ಮುಂದೆಯೂ 100% ತುಂಬಿದೆ ಎಂದು ತೋರಿಸುತ್ತದೆ. ಅದರ ಫೋಟೊ ತೆಗೆದು ನನಗೆ ಕಳುಹಿಸಿದವರು ಹಲವರಿದ್ದಾರೆ. ಬರೆಯಲು ಜಾಗವೇ ಇಲ್ಲದಂತೆ, ಒಳಗಿನ ವಸ್ತುವಿನ ಅಳತೆಗೆ ಸರಿಯಾಗಿ ಮಾಡಿದ ಡಬ್ಬಿ ಯಾವಾಗಲೂ ತುಂಬಿಯೇ ಇರುತ್ತದೆ. ನಿಮ್ಮ ನಿಜವಾದ ಡಿಸ್ಕ್ ಬೇರೊಂದು ಸಾಲಿನಲ್ಲಿರುತ್ತದೆ, ಅದನ್ನು ಓದಿ.

ಹಾಗೆಂದು ಖರ್ಚೇ ಇಲ್ಲವೆಂದು ನಾನು ಹೇಳುವುದಿಲ್ಲ. ಒಂದೇ ಒಂದು ಫ್ಲಾಟ್‌ಪ್ಯಾಕ್ ಹಾಕುವವರಿಗೆ ರನ್‌ಟೈಮ್‌ನ ಪೂರ್ತಿ ಭಾರ ಅದೊಂದರ ಮೇಲೆಯೇ ಬೀಳುತ್ತದೆ. 32 ಜಿಬಿ ಮಾತ್ರ ಇರುವ ಸಣ್ಣ ಯಂತ್ರದಲ್ಲಿ ಅದು ಬೇಡ. ಗ್ನೋಮ್ ರನ್‌ಟೈಮ್ ಆರು ತಿಂಗಳಿಗೊಮ್ಮೆ ಹೊಸದಾಗಿ ಬರುತ್ತದೆ. ಒಂದು ತಂತ್ರಾಂಶ ಹಳೆಯದನ್ನೇ ಹಿಡಿದುಕೊಂಡು, ಇನ್ನೊಂದು ಹೊಸದನ್ನು ಕೇಳಿದರೆ ಎರಡೂ ಆವೃತ್ತಿಗಳು ಉಳಿಯುತ್ತವೆ. ಬೇರೆ ಬೇರೆ ಆವೃತ್ತಿಗಳಲ್ಲಿ ಲೈಬ್ರರಿಗಳನ್ನು ಹೊಸದಾಗಿ ಕಂಪೈಲ್ ಮಾಡಿರುವುದರಿಂದ ಅವುಗಳ ನಡುವೆ ಹಂಚಿಕೆಯೂ ಕಡಿಮೆ. ತಂತ್ರಾಂಶವನ್ನು ತೆಗೆದ ಮೇಲೂ ಅದರ ರನ್‌ಟೈಮ್ ಉಳಿದುಕೊಳ್ಳಬಹುದು. ಆದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ‘ಫ್ಲಾಟ್‌ಪ್ಯಾಕ್ ಅನ್‌ಇನ್‌ಸ್ಟಾಲ್’ ಎಂದು ಬರೆದು, ಎರಡು ಅಡ್ಡಗೆರೆ ಹಾಕಿ ‘ಅನ್‌ಯೂಸ್ಡ್’ ಎಂದು ಸೇರಿಸಿ ಓಡಿಸಿ. ಯಾರಿಗೂ ಬೇಡವಾದ ರನ್‌ಟೈಮ್‌ಗಳನ್ನು ಅದು ತೋರಿಸಿ, ನಿಮ್ಮ ಒಪ್ಪಿಗೆ ಪಡೆದು ತೆಗೆಯುತ್ತದೆ.

ಇಷ್ಟು ಬರೆದ ಮೇಲೆ, ನೀವು ಕೇಳದಿದ್ದರೂ ಕನ್ನಡಿಗರೆಲ್ಲ ಕೇಳಬೇಕಾದ ಇನ್ನೊಂದು ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಬೇಲಿಯೊಳಗಿನ ತಂತ್ರಾಂಶದಲ್ಲಿ ಕನ್ನಡದ ಗತಿಯೇನು? ಫಾಂಟ್‌ಗಳ ಬಗ್ಗೆ ಚಿಂತೆ ಬೇಡ. ನಿಮ್ಮ ಸಿಸ್ಟಂನಲ್ಲಿರುವ ಲೋಹಿತ್, ನೋಟೊ, ಗುಬ್ಬಿ ಮೊದಲಾದ ಫಾಂಟ್‌ಗಳನ್ನು ಫ್ಲಾಟ್‌ಪ್ಯಾಕ್ ತಂತ್ರಾಂಶಗಳು ಬೇಲಿಯ ಒಳಗಿಂದಲೇ ಓದಬಲ್ಲವು. ನಿಮ್ಮ ಹೋಮ್ ಫೋಲ್ಡರ್‌ನ ಫಾಂಟ್ ಜಾಗದಲ್ಲಿ ನೀವೇ ಹಾಕಿಕೊಂಡವೂ ಕಾಣಿಸುತ್ತವೆ. ತಂತ್ರಾಂಶ ತೆರೆದಿದ್ದರೆ ಒಮ್ಮೆ ಮುಚ್ಚಿ ತೆರೆಯಿರಿ. ಕೀಲಿಮಣೆಯ ಪಟ್ಟಿಯಿಂದ ಕಗಪ ವಿನ್ಯಾಸ ಆರಿಸಿಕೊಂಡವರಿಗೂ ತೊಂದರೆಯಿಲ್ಲ, ಏಕೆಂದರೆ ಯಾವ ಕೀಲಿಗೆ ಯಾವ ಅಕ್ಷರ ಎಂಬುದು ಬೇಲಿಯ ಹೊರಗೆ, ಡೆಸ್ಕ್‌ಟಾಪ್‌ನಲ್ಲಿಯೇ ತೀರ್ಮಾನವಾಗಿರುತ್ತದೆ.

ತೊಡಕು ಬರುವುದು ಮೆನುವಿನ ಭಾಷೆಯಲ್ಲಿ. ಜಾಗ ಉಳಿಸಲೆಂದೇ ಫ್ಲಾಟ್‌ಪ್ಯಾಕ್ ಎಲ್ಲ ಭಾಷೆಗಳ ಅನುವಾದವನ್ನು ತರುವುದಿಲ್ಲ, ನಿಮ್ಮ ಸಿಸ್ಟಂನ ಭಾಷೆಯದನ್ನು ಮಾತ್ರ ತರುತ್ತದೆ. ಮಿಂಟ್ ಹಾಕುವಾಗ ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಆರಿಸಿರುತ್ತಾರೆ, ಆದ್ದರಿಂದ ಕನ್ನಡದ ಅನುವಾದ ಇಳಿದೇ ಇರುವುದಿಲ್ಲ. ಪರಿಹಾರ ಒಂದು ಸಾಲಿನದು. ‘ಫ್ಲಾಟ್‌ಪ್ಯಾಕ್ ಕಾನ್ಫಿಗ್’ ಎಂದು ಬರೆದು, ಎರಡು ಅಡ್ಡಗೆರೆ ಹಾಕಿ ‘ಸೆಟ್’ ಎಂದು ಸೇರಿಸಿ, ಮುಂದೆ ‘ಎಕ್ಸ್‌ಟ್ರಾ’ ಮತ್ತು ‘ಲ್ಯಾಂಗ್ವೇಜಸ್’ ಪದಗಳನ್ನು ನಡುವೆ ಒಂದು ಅಡ್ಡಗೆರೆಯಿಂದ ಕೂಡಿಸಿ ಬರೆದು, ಕೊನೆಗೆ ಕನ್ನಡದ ಸಂಕೇತವಾದ ‘ಕೆ ಎನ್’ ಎಂಬ ಎರಡು ಸಣ್ಣ ಇಂಗ್ಲಿಷ್ ಅಕ್ಷರ ಕೊಡಿ. ಆಮೇಲೆ ‘ಫ್ಲಾಟ್‌ಪ್ಯಾಕ್ ಅಪ್‌ಡೇಟ್’ ಓಡಿಸಿ. ಅನುವಾದದ ಕಡತಗಳು ಇಳಿಯುತ್ತವೆ, ಲಾಗಿನ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಮತ್ತೆ ಒಳಬಂದರೆ, ಕನ್ನಡ ಅನುವಾದ ಇರುವ ತಂತ್ರಾಂಶಗಳ ಮೆನು ಕನ್ನಡದಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಲ್ಲಿ ಇಂಗ್ಲಿಷ್ ಸಾಲುಗಳು ಉಳಿದಿದ್ದರೆ ಅದು ಪ್ಯಾಕೇಜ್‌ನ ತಪ್ಪಲ್ಲ. ಆ ಸಾಲುಗಳನ್ನು ಕನ್ನಡಕ್ಕೆ ತರುವ ಕೆಲಸ ಇನ್ನೂ ಯಾರ ಕೈಯಿಂದಲೂ ಆಗಿಲ್ಲ, ಸ್ವಯಂಸೇವಕರಾಗಿ ನೀವೂ ಅದಕ್ಕೆ ಕೈಹಾಕಬಹುದು.