ಸರ್ವರ್ ಜೊತೆ ನೇರ ಮಾತು

ಫೈಲ್‌ಜಿಲ್ಲಾ ಅಂದರೆ ನಮ್ಮ ಕಂಪ್ಯೂಟರಿನ ಫೈಲುಗಳನ್ನು ಸರ್ವರ್‌ಗೆ ಕಳಿಸುವ ಒಂದು ತಂತ್ರಾಂಶ. ಅದರಲ್ಲಿ ಒಂದು ಫೈಲನ್ನು ಎಡಗಡೆಯಿಂದ ಬಲಗಡೆಗೆ ಎಳೆದುಬಿಟ್ಟರೆ ಸಾಕು, ಅದು ಸರ್ವರ್ ಸೇರುತ್ತದೆ. ಆಗ ಮೇಲಿನ ಪುಟ್ಟ ಜಾಗದಲ್ಲಿ ಸಾಲು ಸಾಲಾಗಿ ಏನೋ ಓಡುತ್ತಿರುತ್ತದೆ. ಜಾಸ್ತಿ ಜನ ಅದನ್ನು ಓದುವುದಿಲ್ಲ. ನಾನು ಮೊದಲು ನೋಡುವುದೇ ಅದನ್ನು. ನಮ್ಮ ಕಂಪ್ಯೂಟರೂ ಸರ್ವರೂ ಮಾತಾಡಿಕೊಳ್ಳುವುದು ಅಲ್ಲೇ ಕಾಣುವುದು. ಆ ಮಾತಿನ ಭಾಷೆಯ ಹೆಸರು ಎಫ್‌ಟಿಪಿ.

ಆ ಮಾತಿಗೆ ನಾವೂ ಸೇರಬಹುದು. ‘ಸರ್ವರ್’ ಮೆನುವಿನಲ್ಲಿ ‘ಎಂಟರ್ ಕಸ್ಟಮ್ ಕಮಾಂಡ್’ ಅಂತ ಇದೆ. ಅಲ್ಲಿ ‘ಪಿಡಬ್ಲ್ಯೂಡಿ’ (PWD) ಎಂದು ಟೈಪ್ ಮಾಡಿದರೆ, ಈಗ ಯಾವ ಫೋಲ್ಡರ್‌ನಲ್ಲಿದ್ದೇವೆ ಎಂದು 257ರ ಜೊತೆ ಉತ್ತರ ಬರುತ್ತದೆ. ‘ನೂಪ್’ (NOOP) ಎಂದರೆ ಸರ್ವರ್ ಏನೂ ಮಾಡುವುದಿಲ್ಲ, ಸುಮ್ನೆ 200 ಎಂದು ಹೂಂಗುಟ್ಟುತ್ತದೆ.

ಈ ಅಂಕಿಗಳಿಗೆ ಅರ್ಥವಿದೆ. 2ರಿಂದ ಶುರುವಾದರೆ ಕೆಲಸ ಆಯಿತು. 3 ಎಂದರೆ ಇನ್ನೂ ಏನೋ ಬೇಕು; ಹೆಸರು ಕೊಟ್ಟ ಮೇಲೆ ಬರುವ 331 ಪಾಸ್‌ವರ್ಡ್ ಕೇಳುತ್ತದೆ. 4 ಆದರೆ ಆಮೇಲೆ ನೋಡಿ, 5 ಆದರೆ ಆಗುವುದಿಲ್ಲ. ‘ಎರರ್’ ಎಂಬ ಒಂದೇ ಪದಕ್ಕಿಂತ ಇದು ಎಷ್ಟೋ ವಾಸಿ, ಅಲ್ವಾ?

ನನಗೆ ಬಹಳ ಉಪಯೋಗಕ್ಕೆ ಬಂದದ್ದು ‘ಸೈಟ್ ಸಿಎಚ್‌ಮಾಡ್ 644’ (SITE CHMOD 644), ಅದರ ಮುಂದೆ ಫೈಲಿನ ಹೆಸರು. ಪುಟ ಅಪ್‌ಲೋಡ್ ಆಗಿರುತ್ತದೆ, ಬ್ರೌಸರ್ ಮಾತ್ರ ಅನುಮತಿ ಇಲ್ಲ ಎನ್ನುತ್ತದೆ. 644 ಕೊಟ್ಟರೆ ಫೈಲಿನ ಒಡೆಯ ಓದಬಹುದು, ಬದಲಿಸಬಹುದು. ಉಳಿದವರು ಓದಬಹುದು ಅಷ್ಟೇ. ‘ಸೈಟ್’ ಕಮಾಂಡ್‌ಗಳು ಸರ್ವರ್‌ನಿಂದ ಸರ್ವರ್‌ಗೆ ಬೇರೆ. ಎಲ್ಲ ಕಡೆ ನಡೆಯುತ್ತದೆ ಅಂದುಕೊಳ್ಳಬೇಡಿ.

ಹೀಗೇ ‘ಲಿಸ್ಟ್’ (LIST) ಎಂದು ಟೈಪ್ ಮಾಡಿದರೆ ಮಾತ್ರ ಪಟ್ಟಿ ಬರುವುದಿಲ್ಲ. ಎಫ್‌ಟಿಪಿಗೆ ಎರಡು ದಾರಿ ಬೇಕು. ಪೋರ್ಟ್ ಅಂದರೆ ಸರ್ವರ್‌ನ ಸಂಖ್ಯೆ ಹಾಕಿದ ಬಾಗಿಲು. ಮಾತು ಹೋಗುವುದು 21ನೇ ಪೋರ್ಟ್‌ನಲ್ಲಿ, ಫೈಲು ಮತ್ತು ಪಟ್ಟಿ ಬರುವುದು ಬೇರೆ ದಾರಿಯಲ್ಲಿ. ಆ ಎರಡನೇ ದಾರಿಯನ್ನು ‘ಪ್ಯಾಸ್ವ್’ (PASV) ಎಂದು ಕೇಳಬೇಕು. ಆಗ 227ರ ಜೊತೆ ಆವರಣದಲ್ಲಿ ಆರು ಸಂಖ್ಯೆಗಳು ಬರುತ್ತವೆ. ಮೊದಲ ನಾಲ್ಕು ಸರ್ವರ್‌ನ ವಿಳಾಸ. ಕೊನೆಯ ಎರಡು 195, 80 ಎಂದಿಟ್ಟುಕೊಳ್ಳಿ. 195ನ್ನು 256ರಿಂದ ಗುಣಿಸಿ 80 ಕೂಡಿಸಿದರೆ 50000. ಅದೇ ಪೋರ್ಟ್. ಯಾರಾದರೂ ಅಲ್ಲಿಗೆ ಹೋಗಿ ಕಾದರಷ್ಟೇ ಪಟ್ಟಿ ಕೈಗೆ ಸಿಗುವುದು. ಎಳೆದುಬಿಡುವಾಗ ಈ ಲೆಕ್ಕವನ್ನೆಲ್ಲ ಫೈಲ್‌ಜಿಲ್ಲಾ ತಾನೇ ಮಾಡಿಕೊಳ್ಳುತ್ತದೆ.

ಈ ಭಾಷೆಯ ಮೊದಲ ರೂಪ ಬರೆದವರು ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋದ ಅಭಯ್ ಭೂಷಣ್. ಅದು 1971ರ ಏಪ್ರಿಲ್‌. ಇದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರಬೇಕು ಅಂತ ನನ್ನ ಆಸೆ. ಆಗ ನೆಟ್‌ವರ್ಕ್‌ನಲ್ಲಿ ಇದ್ದ ಕಂಪ್ಯೂಟರ್‌ಗಳು ಕೆಲವೇ ಕೆಲವು. ಪಾಸ್‌ವರ್ಡನ್ನು ಮುಚ್ಚಿಡುವ ಏರ್ಪಾಡು ಅದರಲ್ಲಿರಲಿಲ್ಲ. ಬರಿಯ ಎಫ್‌ಟಿಪಿಯಲ್ಲಿ ಇವತ್ತಿಗೂ ಅದು ಇದ್ದಹಾಗೇ ಹೋಗುತ್ತದೆ. ನಡುವೆ ಕೂತು ನೋಡುವವರು ಓದಬಹುದು.

ಅದಕ್ಕೇ ‘ಫೀಟ್’ (FEAT) ಎಂದು ಒಮ್ಮೆ ಟೈಪ್ ಮಾಡಿ ನೋಡಿ. ಸರ್ವರ್ ತನಗೆ ಏನೇನು ಬರುತ್ತದೆ ಎಂದು ಪಟ್ಟಿ ಕೊಡುತ್ತದೆ. ಅದರಲ್ಲಿ ‘ಆತ್ ಟಿಎಲ್‌ಎಸ್’ (AUTH TLS) ಎಂಬ ಸಾಲು ಕಂಡರೆ ಫೈಲ್‌ಜಿಲ್ಲಾದ ಸೈಟ್ ಮ್ಯಾನೇಜರ್‌ಗೆ ಹೋಗಿ ಎನ್‌ಕ್ರಿಪ್ಶನ್, ಅಂದರೆ ಮಾತನ್ನು ಬೇರೆಯವರು ಓದದ ಹಾಗೆ ಗುಟ್ಟಾಗಿ ಕಳಿಸುವುದನ್ನು, ಕಡ್ಡಾಯ ಮಾಡಿಬಿಡಿ.