ಕುಕ್ಕರ್ ಕೂಗು ಕೇಳಿಸಿದರೆ ಸಾಲದು

“ಕುಕ್ಕರ್ ಕೂಗಿದ್ರೆ ಎಲ್ಲಿದ್ರೂ ಓಡಿ ಬರ್ತಾನೆ ಮೇಡಂ. ಕಿವಿ ಚೆನ್ನಾಗೇ ಇದೆ.”

ಹನುಮಂತನಗರದ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳದ ವಾರವಿಲ್ಲ. ಒಬ್ಬರ ಮನೆಯಲ್ಲಿ ಕುಕ್ಕರ್, ಇನ್ನೊಬ್ಬರ ಮನೆಯಲ್ಲಿ ಬೆಳಗಿನ ಕಸದ ಗಾಡಿಯ ಹಾಡು, ಮತ್ತೊಬ್ಬರಲ್ಲಿ ಗೇಟಿನ ಹತ್ತಿರ ಅಪ್ಪನ ಬೈಕು. ಮಗು ತಿರುಗಿ ನೋಡಿತು, ಅಲ್ಲಿಗೆ ಕಿವಿ ಸರಿ. ಕಿವಿ ಸರಿಯಿದ್ದೂ ಮಾತು ಬಂದಿಲ್ಲ, ಅಲ್ಲಿಗೆ ಅದು ಮಗು ‘ಡೌನ್’ (ಡೌನ್ ಸಿಂಡ್ರೋಮ್) ಆಗಿರೋದಕ್ಕೇ. ಈ ಲೆಕ್ಕ ಇಷ್ಟು ಬೇಗ ಮುಗಿದುಹೋಗುವುದೇ ನನ್ನ ಸಂಕಟ.

ನಾನು ವಾಕ್-ಶ್ರವಣ ತಜ್ಞೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬೆಂಗಳೂರಿಗೆ ಬಂದು 22 ವರ್ಷವಾಯಿತು. ಡೌನ್ ಸಿಂಡ್ರೋಮ್ ಅಂದರೇನು, ಎರಡಿರಬೇಕಾದ 21ನೇ ಕ್ರೋಮೋಸೋಮ್ ಮೂರು ಇದ್ದರೆ ಮಗುವಿನ ಬೆಳವಣಿಗೆ, ಕಲಿಕೆ ಹೇಗೆ ನಿಧಾನವಾಗುತ್ತದೆ ಎಂಬುದನ್ನೆಲ್ಲ ನಿಮ್ಮ ಮಕ್ಕಳ ಡಾಕ್ಟರು ಹೇಳಿಯೇ ಇರುತ್ತಾರೆ. ಹೃದಯದ ಎಕೋ ಸ್ಕ್ಯಾನ್ ಕೂಡ ಸಾಮಾನ್ಯವಾಗಿ ಆಗಿರುತ್ತದೆ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲಿ ಏನಾದರೊಂದು ಇರುವುದರಿಂದ ಆಸ್ಪತ್ರೆಯವರೇ ಅದನ್ನು ಬಿಡುವುದಿಲ್ಲ. ಬಿಟ್ಟುಹೋಗುವುದು ಕಿವಿ. ಹಾಗಾಗಿ ಇವತ್ತು ಅದೊಂದರ ಬಗ್ಗೆಯೇ ಬರೆಯುತ್ತೇನೆ, ಸ್ವಲ್ಪ ಉದ್ದವಾದರೂ ಪರವಾಗಿಲ್ಲ.

ಗವಿಪುರದಿಂದ ಒಬ್ಬ ಹುಡುಗ ಬಂದಿದ್ದ. ನಾಲ್ಕು ವರ್ಷ. ಅಪ್ಪ ಆಟೋ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಪ್ಲಾಸ್ಟಿಕ್ ಕವರಿನಲ್ಲಿ ದಪ್ಪ ಫೈಲು. ಅದರ ಮೊದಲ ಹಾಳೆಯೇ ಹುಟ್ಟಿದಾಗ ಮಾಡಿದ ಕಿವಿ ಪರೀಕ್ಷೆ. ಎರಡೂ ಕಿವಿ ‘ಪಾಸ್’. ಆ ಹಾಳೆಯನ್ನು ಅಮ್ಮ ಮಾರ್ಕ್ಸ್ ಕಾರ್ಡಿನಂತೆ ಜೋಪಾನ ಮಾಡಿದ್ದರು. ಹುಡುಗ ಹೇಳುತ್ತಿದ್ದದ್ದು ನಾಲ್ಕೈದು ಮಾತು: ಅಮ್ಮ, ಬಾ, ಆಟೋ ಎನ್ನಲು ‘ಆಓ’, ಬೇಡ ಎನ್ನಲು ‘ಏಆ’. “ತುಂಬಾ ಹಠ ಮೇಡಂ” ಎಂದರು ಅಪ್ಪ. “ನಿನ್ನೆ ಕರೆದರೆ ಬಂದ, ಇವತ್ತು ಬೇಕೂಂತಲೇ ತಿರುಗಲ್ಲ. ಇಂಥ ಮಕ್ಕಳು ಹಾಗೇ ಅಂತ ಎಲ್ಲರೂ ಹೇಳ್ತಾರೆ.”

ನಿನ್ನೆ ಬಂದ, ಇವತ್ತು ಬರಲಿಲ್ಲ. ನನ್ನ ಮಟ್ಟಿಗೆ ಇದು ಹಠದ ಲಕ್ಷಣವಲ್ಲ, ಕಿವಿಯ ಲಕ್ಷಣ. ಯಾಕೆಂದು ಹೇಳುತ್ತೇನೆ.

ನಮ್ಮ ಕಿವಿ ತಮಟೆಯ ಹಿಂದೆ ಗಾಳಿ ತುಂಬಿದ ಸಣ್ಣ ಜಾಗವಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ನಳಿಕೆ. ಆಕಳಿಸಿದಾಗ, ನುಂಗಿದಾಗ ಅದು ತೆರೆದುಕೊಂಡು ಒಳಗೆ ಹೊಸ ಗಾಳಿ ಹೋಗುತ್ತದೆ. ಡೌನ್ ಇರುವ ಮಕ್ಕಳಲ್ಲಿ ಈ ನಳಿಕೆ ಕಿರಿದು, ಅದನ್ನು ತೆರೆಯುವ ಸ್ನಾಯುವಿಗೂ ಬಿಗಿ ಕಡಿಮೆ. ಗಾಳಿ ಹೋಗದಿದ್ದರೆ ಆ ಜಾಗದಲ್ಲಿ ನೀರು ಸೇರುತ್ತದೆ, ಬರುಬರುತ್ತ ಅದು ಅಂಟಿನಂತೆ ಗಟ್ಟಿಯಾಗುತ್ತದೆ. ತಮಟೆ ಅಲುಗಾಡುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಕಿವಿ ಸೋರುವುದಿಲ್ಲ. ನೆಗಡಿಯಾದಾಗ ಹೆಚ್ಚು, ಬಿಸಿಲಿನ ದಿನಗಳಲ್ಲಿ ಕಡಿಮೆ. ಹಾಗಾಗಿಯೇ ಮಗುವಿಗೆ ಒಂದು ದಿನ ಕೇಳಿಸುತ್ತದೆ, ಇನ್ನೊಂದು ದಿನ ಇಲ್ಲ. ಇದರ ಜೊತೆಗೆ ಈ ಮಕ್ಕಳ ಕಿವಿಯ ದಾರಿಯೂ ತೀರಾ ಇಕ್ಕಟ್ಟು. ಒಂದಿಷ್ಟು ಗುಗ್ಗೆ ಕೂತರೆ ಸಾಕು, ಟಾರ್ಚ್ ಬಿಟ್ಟು ನೋಡಿದವರಿಗೆ ತಮಟೆಯೇ ಕಾಣುವುದಿಲ್ಲ.

ಹುಟ್ಟಿದಾಗ ‘ಪಾಸ್’ ಆದ ಹಾಳೆ ಆ ದಿನದ ಕಿವಿಯ ಬಗ್ಗೆ ಸತ್ಯವನ್ನೇ ಹೇಳಿದೆ. ನೀರು ಸೇರಿದ್ದು ಆಮೇಲೆ. ಡೌನ್ ಇರುವ ನೂರು ಮಕ್ಕಳಲ್ಲಿ 75ರವರೆಗೂ ಮಕ್ಕಳಿಗೆ ಒಂದಲ್ಲ ಒಂದು ಹಂತದಲ್ಲಿ ಕೇಳಿಸುವ ತೊಂದರೆ ಬರುತ್ತದೆ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ, ಎರಡೂ ಕಿವಿ ಬೇರೆಬೇರೆಯಾಗಿ ಸರಿಯಿದೆ ಎಂದು ಖಚಿತವಾಗುವವರೆಗೆ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎನ್ನುತ್ತದೆ. ಒಂದು ಸಲ ಅಲ್ಲ. ಮತ್ತೆ ಮತ್ತೆ.

ಈಗ ಕುಕ್ಕರ್ ವಿಚಾರ. ಕಿವಿಯಲ್ಲಿ ನೀರು ತುಂಬಿದ ಮಗು ಪೂರ್ತಿ ಕಿವುಡಲ್ಲ. ಸಾಮಾನ್ಯವಾಗಿ 20ರಿಂದ 40 ಡೆಸಿಬೆಲ್‌ನಷ್ಟು ಸದ್ದು ಒಳಗೆ ಹೋಗದೆ ನಿಲ್ಲುತ್ತದೆ. ಕುಕ್ಕರ್ ಕೂಗುವುದು ಅದಕ್ಕಿಂತ ಎಷ್ಟೋ ಜೋರಾಗಿ. ಮಾತು ಹಾಗಲ್ಲ. ಮಾತಿನೊಳಗೇ ಜೋರು ಇದೆ, ಮೆಲು ಇದೆ. ಆ, ಓ, ಊ ಗಟ್ಟಿ. ಸ, ತ, ಕ ಮೆಲ್ಲಗೆ. ಹುಡುಗನ ‘ಆಓ’ ಎಲ್ಲಿಂದ ಬಂತು ನೋಡಿ. ಅವನಿಗೆ ತಲುಪಿದ್ದನ್ನು ಅವನು ಪ್ರಾಮಾಣಿಕವಾಗಿ ಹಿಂದಿರುಗಿಸುತ್ತಿದ್ದ. ಡೌನ್ ಇರುವ ಮಕ್ಕಳ ಉಚ್ಚಾರಕ್ಕೆ ನಾಲಿಗೆ, ತುಟಿಯ ಬಿಗಿ ಸಾಲದೆ ಇರುವುದೂ ಕಾರಣ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎರಡು ಕಾರಣ ಇರುವಲ್ಲಿ ಒಂದಕ್ಕೆ ಪರಿಹಾರವಿದ್ದರೆ ಅದನ್ನು ಬಿಡಬಾರದು.

ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ನಮ್ಮ ಮಾತಿನ ಅರ್ಧ ಅರ್ಥ ಪದದ ಬಾಲದಲ್ಲಿರುತ್ತದೆ. ಮನೆಗೆ, ಮನೇಲಿ, ಮನೆಯಿಂದ. ‘ಮನೆ’ ಎನ್ನುವಾಗ ದನಿ ಗಟ್ಟಿಯಾಗಿರುತ್ತದೆ, ‘ಗೆ’ಗೆ ಬರುವಷ್ಟರಲ್ಲಿ ಇಳಿದಿರುತ್ತದೆ. ಬಂದ್ರು, ಬಂದ್ಳು, ಬಂದ್ವಿ, ಇವೂ ಅಷ್ಟೇ. ಬಾಲ ಕೇಳಿಸದ ಮಗುವಿಗೆ ಯಾರು ಬಂದರು, ಎಲ್ಲಿಗೆ ಬಂದರು ತಿಳಿಯುವುದಿಲ್ಲ. ತಂದೆತಾಯಿಗೆ ಇದನ್ನು ಬಾಯಲ್ಲಿ ಹೇಳಿ ಸಾಕಾಗಿ, ಈಗ ಮಾಡಿಸಿ ತೋರಿಸುತ್ತೇನೆ. ಎರಡೂ ಕಿವಿಗೆ ಬೆರಳು ಒತ್ತಿಟ್ಟುಕೊಳ್ಳಿ ಎನ್ನುತ್ತೇನೆ. ಫ್ಯಾನು ಹಾಕಿ, ಬಾಯಿಗೆ ಫೈಲು ಅಡ್ಡ ಹಿಡಿದು ಮಾಮೂಲಿ ದನಿಯಲ್ಲಿ ಒಂದು ವಾಕ್ಯ ಹೇಳುತ್ತೇನೆ. “ಏನೋ ಮನೆ ಅಂದ್ರಿ ಮೇಡಂ.” ಹೌದು, ನಿಮ್ಮ ಮಗನಿಗೂ ಅಷ್ಟೇ ತಲುಪುತ್ತಿರಬಹುದು. ಆ ಅಪ್ಪ ಬೆರಳು ತೆಗೆದು ತುಂಬ ಹೊತ್ತು ಸುಮ್ಮನಿದ್ದರು. ಹಠ ಅಂತ ಎಷ್ಟು ಸಲ ಹೊಡೆದೆನೋ ಎಂದರು. ಇಂಥ ಹೊತ್ತಿನಲ್ಲಿ ಯಾವ ತಂದೆಯನ್ನೂ ಬೈಯಲು ನನಗೆ ಬಾಯಿ ಬರುವುದಿಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ.

ಟಿಂಪನೋಮೆಟ್ರಿ ಎಂಬ ಪರೀಕ್ಷೆಯಿದೆ. ಕಿವಿಯಲ್ಲಿ ಒಂದು ಸಣ್ಣ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಬದಲಿಸಿದರೆ ತಮಟೆ ಎಷ್ಟು ಅಲುಗುತ್ತದೆ ಎಂದು ಕಾಗದದ ಮೇಲೆ ಗುಡ್ಡದಂಥ ಗೆರೆ ಬರುತ್ತದೆ. ನಿಮಿಷದ ಕೆಲಸ, ನೋವಿಲ್ಲ. ಆ ಹುಡುಗನ ಎರಡೂ ಕಿವಿಯಲ್ಲಿ ಗುಡ್ಡವೇ ಇರಲಿಲ್ಲ, ಗೆರೆ ನೆಲಕ್ಕೆ ಮಲಗಿತ್ತು. ಇ.ಎನ್.ಟಿ. ವೈದ್ಯರ ಬಳಿ ಕಳಿಸಿದೆ. ಕೆಲವು ತಿಂಗಳು ಕಾದು ನೋಡಿ, ನೀರು ಹೋಗದೆ ಇದ್ದಾಗ, ಅವರು ತಮಟೆಗೆ ಗ್ರೋಮೆಟ್ ಎಂಬ ಪುಟ್ಟ ಕೊಳವೆ ಹಾಕಿದರು.

ಎಲ್ಲ ಮಕ್ಕಳಿಗೂ ಗ್ರೋಮೆಟ್ ಬೇಕು ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಕಾಯುವುದೇ ಸರಿ, ಕೆಲವರಿಗೆ ಹಿಯರಿಂಗ್ ಏಡ್ ಮೇಲು. ಹಾಕಿದ ಕೊಳವೆ ಕೆಲ ತಿಂಗಳಲ್ಲಿ ತಾನಾಗಿ ಬಿದ್ದು ಮತ್ತೆ ನೀರು ಸೇರಬಹುದು. ಹೃದಯದ ತೊಂದರೆ ಇದ್ದರೆ ಅರಿವಳಿಕೆಯ ಬಗ್ಗೆ ಬೇರೆಯೇ ಯೋಚನೆ ಬೇಕಾಗುತ್ತದೆ. ಇದೆಲ್ಲ ವೈದ್ಯರು ಮಗುವನ್ನು ನೋಡಿ ತೀರ್ಮಾನಿಸುವಂಥದ್ದು, ನನ್ನ ಅಂಕಣ ಓದಿ ಅಲ್ಲ. ಒಂದು ಮಾತ್ರ ಖಂಡಿತ: ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ.

ಗ್ರೋಮೆಟ್ ಹಾಕಿ ಹತ್ತು ದಿನದ ಮೇಲೆ ಅವನು ನನ್ನ ಕೋಣೆಗೆ ಬಂದ. ಬಾಗಿಲಲ್ಲೇ ನಿಂತ. ತಲೆ ಎತ್ತಿ ಫ್ಯಾನನ್ನೇ ನೋಡಿದ. ಅದೇ ಫ್ಯಾನು, ಅದೇ ಕಿರ್ ಕಿರ್, ಅದರ ಕೆಳಗೆ ಅವನು ಆರು ಸಲ ಕೂತು ಎದ್ದಿದ್ದ. ಅಮ್ಮನ ಸೆರಗು ಎಳೆದು ಮೇಲೆ ಬೆರಳು ತೋರಿಸಿದ.

ಇದನ್ನು ಬರೆಯುವಾಗ ಇನ್ನೊಂದು ಮಗುವಿನ ನೆನಪನ್ನು ಮುಚ್ಚಿಡುವುದು ಸರಿಯಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಐದು ವರ್ಷದ ಹುಡುಗಿಯೊಬ್ಬಳಿಗೆ ಏಳು ತಿಂಗಳು ಚಿತ್ರದ ಕಾರ್ಡು ತೋರಿಸಿ ಮಾತು ಕಲಿಸಿದೆ. ಕಿವಿಯ ರಿಪೋರ್ಟ್ ಎರಡು ವರ್ಷ ಹಳೆಯದು. ಸರಿಯಿದೆಯಲ್ಲ ಎಂದು ಮುಂದೆ ಹೋದೆ. ಪ್ರಗತಿ ನಿಧಾನವಾದಾಗ ನನ್ನ ನೋಟ್‌ಬುಕ್ಕಿನಲ್ಲಿ ನಾನೇ ಬರೆದಿದ್ದೆ, ‘ಡೌನ್ ಇರುವುದರಿಂದ ನಿರೀಕ್ಷಿತ’ ಎಂದು. ಆಮೇಲೆ ಬೇರೊಬ್ಬರು ಪರೀಕ್ಷಿಸಿದಾಗ ಎರಡೂ ಕಿವಿಯಲ್ಲಿ ಕೇಳಿಸುವುದು ಕಡಿಮೆ ಎಂದು ತಿಳಿಯಿತು. ಆ ಏಳು ತಿಂಗಳು ಅವಳದು, ನಾನು ಕಳೆದದ್ದು. ಆ ನೋಟ್‌ಬುಕ್ ಇನ್ನೂ ನನ್ನ ಮೇಜಿನಲ್ಲಿದೆ.

ಎಲ್ಲವನ್ನೂ ಒಂದೇ ಹೆಸರಿನ ಖಾತೆಗೆ ಬರೆಯುವ ಈ ಅಭ್ಯಾಸ ಕಿವಿಗಷ್ಟೇ ನಿಲ್ಲುವುದಿಲ್ಲ. ಚುರುಕಾಗಿದ್ದ ಹದಿನಾಲ್ಕರ ಹುಡುಗಿ ಮಂಕಾದರೆ ‘ವಯಸ್ಸಿಗೆ ಬಂದ್ಳು, ಇನ್ನು ಹೀಗೇ’ ಎನ್ನುತ್ತಾರೆ. ನೋಡಿದರೆ ಥೈರಾಯ್ಡ್. ಅದನ್ನು ವರ್ಷಕ್ಕೊಮ್ಮೆ ನೋಡಿಸಲೇಬೇಕು. ರಾತ್ರಿ ಮಗು ಕೂತು, ಮುಂದಕ್ಕೆ ಮಡಚಿಕೊಂಡು ಗೊರಕೆ ಹೊಡೆಯುತ್ತಾ ಮಲಗಿದರೆ ಮನೆಯವರು ಮುದ್ದಾಗಿದೆ ಎಂದು ಫೋಟೊ ತೆಗೆಯುತ್ತಾರೆ. ಉಸಿರಿನ ದಾರಿ ಮುಚ್ಚುತ್ತಿರುವ ಮಗು ಹಾಗೆ ಮಲಗುತ್ತದೆ. ನಾಲ್ಕು ವರ್ಷ ತುಂಬುವುದರೊಳಗೆ ನಿದ್ದೆಯ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಕಣ್ಣೂ ಹಾಗೆಯೇ. ಇವು ನನ್ನ ವಿಷಯವಲ್ಲ, ಇಷ್ಟಕ್ಕೇ ಬಿಡುತ್ತೇನೆ.

ದಿನ ನೆನಪಿರುವುದಿಲ್ಲ ಎನ್ನುವವರಿಗೆ ನಾನು ಹೇಳುವುದು ಮಾರ್ಚ್ 21. ಮೂರನೇ ತಿಂಗಳು, 21ನೇ ತಾರೀಕು, ಮೂರು ಕ್ರೋಮೋಸೋಮಿನ ನೆನಪಿಗೆ. ವಿಶ್ವಸಂಸ್ಥೆ 2012ರಿಂದ ಆ ದಿನವನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿ ಆಚರಿಸುತ್ತಿದೆ. ಆ ವಾರ ಒಮ್ಮೆ, ಗಣೇಶನ ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಕಿವಿ ತೋರಿಸಿ. ಖರ್ಚಿನ ಚಿಂತೆಯಿದ್ದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಯ ಬಗ್ಗೆ ವಿಚಾರಿಸಿ. 1 ಲಕ್ಷ ರೂಪಾಯಿವರೆಗಿನ ವಿಮೆ ಅದು.

ಬೆಂಗಳೂರಿನವರಿಗೆ ಇನ್ನೊಂದು ಮಾತು. ಮಾತು ತಡವಾದ ಕೂಡಲೇ “ಮನೆಯಲ್ಲಿ ಕನ್ನಡ ಬಿಟ್ಟು ಇಂಗ್ಲಿಷ್ ಒಂದೇ ಮಾತಾಡಿ” ಎಂದು ಯಾರೋ ಹೇಳಿರುತ್ತಾರೆ. ದಯವಿಟ್ಟು ಬಿಡಬೇಡಿ. ಡೌನ್ ಇರುವ ಮಕ್ಕಳು ಎರಡು ಭಾಷೆ ಕಲಿಯಬಲ್ಲರು, ಎರಡನೆಯದರಿಂದ ಮೊದಲನೆಯದು ಕೆಡುವುದಿಲ್ಲ. ಕನ್ನಡ ಕಿತ್ತುಕೊಂಡರೆ ಅಜ್ಜಿಯನ್ನೇ ಕಿತ್ತುಕೊಂಡಂತೆ. ಅಜ್ಜಿ ಇಲ್ಲದೆ ನನ್ನ ಅರ್ಧ ಕೆಲಸ ನಡೆಯುವುದಿಲ್ಲ.

ಗವಿಪುರದ ಹುಡುಗನ ಅಜ್ಜಿಯನ್ನು ನಾನು ನೋಡಿದ್ದು ಒಂದು ಜನವರಿಯಲ್ಲಿ. ಮೊಮ್ಮಗನ ಬೆರಳಿಗೆ ಬಲ ಬರಲಿ ಎಂದು ಬಣ್ಣದ ಮಣಿ ಪೋಣಿಸಲು ಕೊಟ್ಟಿದ್ದೆ. ಅವನು ಅದನ್ನು ಮೂಲೆಗೆ ಎಸೆದಿದ್ದ. “ಮಣಿ ಯಾತಕ್ಕಮ್ಮಾ, ನಮ್ಮನೇಲಿ ಅವರೆಕಾಯಿ ಇದೆ” ಎಂದು ಅಜ್ಜಿ ಅವನನ್ನು ನೆನೆಹಾಕಿದ ಕಾಳಿನ ಬೋಗುಣಿಯ ಮುಂದೆ ಕೂರಿಸಿದ್ದರಂತೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಹಿತುಕಬೇಕು, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಬೇಕು. ನಾನು ಹುಡುಕುತ್ತಿದ್ದ ವ್ಯಾಯಾಮ ಅದೇ. ಮೊದಲ ವಾರ ಕಾಳು ಜಜ್ಜಿಹೋಯಿತು. ಎರಡನೇ ವಾರ ಒಂದು ಬೇಳೆ ಚಿಮ್ಮಿ ತಾತನ ಕನ್ನಡಕಕ್ಕೆ ಬಡಿಯಿತು. ಅವನು ಬಿದ್ದು ಬಿದ್ದು ನಕ್ಕ. ಅಜ್ಜಿ ‘ಹಾರ್ತು!’ ಎಂದರು, ಪ್ರತಿ ಕಾಳಿಗೂ ‘ಹಾರ್ತು’. ಆಮೇಲೆ ಒಂದು ಕಾಳು ಹಿಡಿದು, ಮುಖ ನೋಡುತ್ತಾ, ಸುಮ್ಮನೆ ಕಾದರು. ಹೀಗೆ ಕಾಯುವುದನ್ನು ನಾನು ವಿದ್ಯಾರ್ಥಿಗಳಿಗೆ ವರ್ಷಗಟ್ಟಲೆ ಕಲಿಸುತ್ತೇನೆ. ಹತ್ತು ಎಣಿಸಿ, ಬಾಯಿ ಹಾಕಬೇಡಿ, ಅವನ ಸರದಿ ಅವನಿಗೆ ಬಿಡಿ ಎಂದು. ಅಜ್ಜಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ‘ಹಾ..ತು’ ಎಂದ ಅವನು. ಆ ಸಂಜೆ ಅವರ ಮನೆಯ ಹಿತಕಿದ ಬೇಳೆ ಸಾರಿನಲ್ಲಿ ಅರ್ಧ ಅವನ ಕೈಯದೇ.

ಅವನಿಗೀಗ ಒಂಬತ್ತು ವರ್ಷ. ಗ್ರೋಮೆಟ್ ಬಿದ್ದು, ಮತ್ತೊಮ್ಮೆ ಹಾಕಿದ್ದಾಯಿತು. ಅವನ ಮಾತು ಇನ್ನೂ ಪೂರ್ತಿ ಸ್ಪಷ್ಟವಿಲ್ಲ, ಹೊಸಬರು ಎರಡು ಸಲ ಕೇಳಬೇಕಾಗುತ್ತದೆ. ಕೇಳಿದ್ದಕ್ಕಿಂತ ಕಂಡದ್ದು ಈ ಮಕ್ಕಳಿಗೆ ಬೇಗ ಹತ್ತುತ್ತದೆ. ಹಾಗಾಗಿ ಓದು ಅವನಿಗೆ ಮಾತಿಗಿಂತ ಸಲೀಸಾಗಿ ಬಂತು. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಎಲ್ಲ ಓದುತ್ತಾನೆ.

ಮೊನ್ನೆ ಅವನ ಅಪ್ಪನಿಗೆ ಫೋನ್ ಮಾಡಿದ್ದೆ, ಮುಂದಿನ ಪರೀಕ್ಷೆಯ ದಿನ ನೆನಪಿಸಲು. ಅಪ್ಪ ಬಾಡಿಗೆಗೆ ಹೋಗಿದ್ದರು, ಫೋನ್ ಮನೆಯಲ್ಲಿತ್ತು. ಎತ್ತಿದವನು ಅವನೇ. ಅಜ್ಜಿ ಇದ್ದಾರಾ ಪುಟ್ಟಾ ಎಂದೆ.

“ಮನೇಲಿ ಇಲ್ಲ” ಎಂದ. ಉಸಿರು ತೆಗೆದುಕೊಂಡ. ನಾನು ಕಾದೆ. “ಅತ್ತೆ ಮನೆಗೆ ಹೋದ್ರು.”

ಆ ‘ಲಿ’ ಮತ್ತು ಆ ‘ಗೆ’, ಎರಡೂ ಸ್ಪಷ್ಟವಾಗಿ ಕೇಳಿಸಿದವು.